ಎಥನಾಲ್‌ನ ಯಾವ ಬಂಧ ಮುರಿಯುತ್ತದೆ: ಫೆಮ್ಟೊಸೆಕೆಂಡ್ ಲೇಸರ್‌ಗೆ ಒಂದು ಅರ್ಧ ಮೀಟರ್ ಕೊಳವೆ ಕಟ್ಟಿದ ಕತೆ

ಎಥನಾಲ್ ಅಣುವಿನ ಬೆನ್ನೆಲುಬು ತುಂಬಾ ಸರಳ. ಎರಡು ಕಾರ್ಬನ್, ಆಮೇಲೆ ಒಂದು ಆಕ್ಸಿಜನ್. ಅಂದರೆ ಮುರಿಯೋಕೆ ಎರಡು ಮುಖ್ಯ ಜಾಗ: ಕಾರ್ಬನ್-ಕಾರ್ಬನ್ ಬಂಧ, ಕಾರ್ಬನ್-ಆಕ್ಸಿಜನ್ ಬಂಧ. ತೀವ್ರವಾದ ಲೇಸರ್ ಪಲ್ಸ್ ಹೊಡೆದರೆ ಎರಡೂ ಮುರಿಯುತ್ತವೆ. ಪಲ್ಸ್ ಬದಲಿಸಿದರೆ ಯಾವುದು ಎಷ್ಟು ಮುರಿಯುತ್ತದೆ ಅನ್ನೋದೂ ಬದಲಾಗುತ್ತಾ? ಇದನ್ನು ನೋಡೋಕೆ ಲ್ಯಾಬ್‌ನಲ್ಲಿ ಒಂದು ಟೈಮ್-ಆಫ್-ಫ್ಲೈಟ್ ಮಾಸ್ ಸ್ಪೆಕ್ಟ್ರೋಮೀಟರ್ (ಚೂರುಗಳು ಡಿಟೆಕ್ಟರ್ ಮುಟ್ಟಲು ಹಿಡಿಯುವ ಸಮಯದಿಂದ ಅವುಗಳ ದ್ರವ್ಯರಾಶಿ ಹೇಳುವ ಯಂತ್ರ) ಕಟ್ಟಿದೆವು. ಇದೇ ಥರದ್ದನ್ನು ಕಟ್ಟಲು ಹೊರಟವರಿಗೆ ಕೆಲಸಕ್ಕೆ ಬರಲಿ ಅಂತ ಎಲ್ಲ ವಿವರ ಬರೆಯುತ್ತಿದ್ದೇನೆ.

ಬೇಕಾದ ಬಂಧವನ್ನೇ ಲೇಸರ್‌ನಿಂದ ಮುರಿಯುವ ಈ ಕನಸು ಹಳೆಯದು. 1992ರಲ್ಲಿ ರಿಚರ್ಡ್ ಜಡ್ಸನ್ ಮತ್ತು ಹರ್ಷೆಲ್ ರಾಬಿಟ್ಜ್ ಒಂದು ಸಲಹೆ ಕೊಟ್ಟರು. ಯಾವ ಪಲ್ಸ್ ಬೇಕು ಅಂತ ಮೊದಲೇ ಲೆಕ್ಕ ಹಾಕುವುದು ಬೇಡ. ಪಲ್ಸ್ ಬದಲಿಸುತ್ತಾ ಹೋಗಿ, ಬಂದ ಫಲ ನೋಡಿ, ಕಂಪ್ಯೂಟರ್ ತಾನೇ ಕಲಿಯಲಿ ಅಂದರು. 1998ರಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಗುಸ್ತಾವ್ ಗೆರ್ಬರ್ ಅವರ ಗುಂಪು ಕಬ್ಬಿಣ ಇರುವ ಒಂದು ಸಾವಯವ ಅಣುವಿನ ಮೇಲೆ ಇದನ್ನು ಮಾಡಿ ತೋರಿಸಿತು. 2001ರಲ್ಲಿ ರಾಬರ್ಟ್ ಲೆವಿಸ್ ಮತ್ತು ರಾಬಿಟ್ಜ್ ಇನ್ನೂ ತೀವ್ರ ಪಲ್ಸ್‌ಗಳಿಂದ ಅಸಿಟೊಫಿನೋನ್‌ನಂಥ ಅಣುಗಳ ಚೂರುಗಳ ಪ್ರಮಾಣ ಬದಲಿಸಿದರು. 2006ರಲ್ಲಿ ಮಥಿಯಾಸ್ ಕ್ಲಿಂಗ್ ಮತ್ತು ಜೊತೆಗಾರರು ಕೇವಲ 5 ಫೆಮ್ಟೊಸೆಕೆಂಡ್ ಪಲ್ಸ್ ಬಳಸಿದರು (ಒಂದು ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು). ಪಲ್ಸ್‌ನ ಒಳಗಿನ ಅಲೆ ಎಲ್ಲಿ ಏರುತ್ತದೆ ಅನ್ನೋದನ್ನು ಬದಲಿಸಿ, ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್) ಅಣು ಒಡೆದಾಗ ಡ್ಯೂಟೀರಿಯಂ ಅಯಾನು ಯಾವ ದಿಕ್ಕಿಗೆ ಜಾಸ್ತಿ ಹಾರುತ್ತದೆ ಅನ್ನೋದನ್ನೇ ಬದಲಿಸಿದರು. ನಮ್ಮ ದೇಶದಲ್ಲೂ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ದೀಪಕ್ ಮಾಥುರ್ ಅವರ ಗುಂಪು ಅತಿ ಚಿಕ್ಕ ಪಲ್ಸ್‌ಗಳಲ್ಲಿ ಅಣುಗಳು ಏನಾಗುತ್ತವೆ ಅಂತ ವರ್ಷಗಟ್ಟಲೆ ಕೆಲಸ ಮಾಡಿದೆ.

ನಮ್ಮ ಕೈಯಲ್ಲಿರುವ ಲೇಸರ್ ಸಾಮಾನ್ಯದ್ದು: ಟೈಟೇನಿಯಂ-ಸಫೈರ್, 800 ನ್ಯಾನೊಮೀಟರ್, 35 ಫೆಮ್ಟೊಸೆಕೆಂಡ್, ಸೆಕೆಂಡಿಗೆ 1000 ಪಲ್ಸ್. ಹಾಗಾಗಿ ನಾನು ಆರಿಸಿಕೊಂಡದ್ದು ಅತಿ ಸರಳವಾದ ಹಿಡಿ. ಪಲ್ಸ್‌ನ ಉದ್ದ, ಅಂದರೆ ಅದು ಎಷ್ಟು ಹೊತ್ತು ಇರುತ್ತದೆ ಅನ್ನೋದು, ಅಷ್ಟೇ. ಟೋಕಿಯೋ ವಿಶ್ವವಿದ್ಯಾಲಯದ ಕಾವೊರು ಯಮನೌಚಿ ಅವರ ಗುಂಪು ಈ ಶತಮಾನದ ಮೊದಲ ವರ್ಷಗಳಲ್ಲೇ ಎಥನಾಲ್ ಮೇಲೆ ಇದನ್ನು ಮಾಡಿದೆ. ಪಲ್ಸ್ ಉದ್ದವಾದಂತೆ ಕಾರ್ಬನ್-ಆಕ್ಸಿಜನ್ ಬಂಧ ಮುರಿಯುವ ಪಾಲು ಏರುತ್ತದೆ ಅಂತ ಅವರು ಕಂಡಿದ್ದರು. ಅದನ್ನು ನಮ್ಮ ಮೇಜಿನ ಮೇಲೆ ಮತ್ತೆ ಕಾಣಬೇಕು, ಮತ್ತು ಕಂಡದ್ದು ನಿಜವಾಗಿಯೂ ಪಲ್ಸ್ ಉದ್ದದಿಂದಲೇ ಆದದ್ದು ಅಂತ ಖಾತ್ರಿ ಮಾಡಿಕೊಳ್ಳಬೇಕು. ಶ್ರಮ ಎಲ್ಲ ಹೋಗಿದ್ದು ಈ ಎರಡನೆಯದಕ್ಕೆ.

ಪ್ಲೇಟು, ಕೊಳವೆ, ಡಿಟೆಕ್ಟರ್

ಯಂತ್ರದ ಒಳಗಿನ ಲೆಕ್ಕ ಸುಲಭ. ಲೇಸರ್ ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಅದನ್ನು ಅಯಾನು ಮಾಡುತ್ತದೆ. ಎರಡು ಪ್ಲೇಟುಗಳ ನಡುವಿನ ವೋಲ್ಟೇಜ್ ಆ ಅಯಾನನ್ನು ತಳ್ಳುತ್ತದೆ. ಎಲ್ಲಕ್ಕೂ ಒಂದೇ ಶಕ್ತಿ ಸಿಗುವುದರಿಂದ ಹಗುರವಾದದ್ದು ಬೇಗ, ಭಾರವಾದದ್ದು ತಡವಾಗಿ ಡಿಟೆಕ್ಟರ್ ಮುಟ್ಟುತ್ತದೆ. ಮೊರದಲ್ಲಿ ಕೇರಿದಾಗ ಜೊಳ್ಳು ಒಂದು ಕಡೆ, ಕಾಳು ಇನ್ನೊಂದು ಕಡೆ ಆದಂತೆ ಇಲ್ಲಿ ಸಮಯದಲ್ಲಿ ಬೇರೆಯಾಗುತ್ತವೆ. ಬೇಕಾದ ಸಮಯ ದ್ರವ್ಯರಾಶಿಯ ವರ್ಗಮೂಲದಷ್ಟು ಏರುತ್ತದೆ.

ನಾವು ಹಾಕಿದ್ದು ಮೂರು ಪ್ಲೇಟು, ಒಂದೊಂದರ ನಡುವೆ 10 ಮಿಲಿಮೀಟರ್. ಆಮೇಲೆ ಅರ್ಧ ಮೀಟರ್ ಖಾಲಿ ಕೊಳವೆ. 1955ರಲ್ಲಿ ವೈಲಿ ಮತ್ತು ಮೆಕ್‌ಲಾರೆನ್ ಕೊಟ್ಟ ಸೂತ್ರದಲ್ಲಿ ಈ ಅಳತೆಗಳನ್ನು ಹಾಕಿದರೆ ಮೊದಲ ಪ್ಲೇಟಿಗೆ 2000 ವೋಲ್ಟ್ ಕೊಟ್ಟಾಗ ಎರಡನೆಯದಕ್ಕೆ ಸುಮಾರು 1745 ವೋಲ್ಟ್ ಬೇಕು ಅಂತ ಬರುತ್ತದೆ. ಮೂರನೆಯದು ಗ್ರೌಂಡ್. ಲೇಸರ್ ಕೇಂದ್ರೀಕರಿಸುವ ಚುಕ್ಕೆ ಬರೀ 25 ಮೈಕ್ರಾನ್ ಅಗಲ, ಇಷ್ಟು ನಿಖರತೆ ಯಾಕೆ ಅಂತ ನೀವು ಕೇಳಬಹುದು. ಕಾರಣ, ಬೀಮ್ ಇಡೀ ದಿನ ಒಂದೇ ಕಡೆ ನಿಲ್ಲುವುದಿಲ್ಲ. ರೂಮಿನ ಎಸಿ ಏರಿಳಿದರೆ ಅದೂ ಸರಿಯುತ್ತದೆ. ವೋಲ್ಟೇಜ್ ಈ ಅನುಪಾತದಲ್ಲಿದ್ದರೆ ಬೀಮ್ ಸರಿದರೂ ಪೀಕ್‌ಗಳು (ಒಂದೊಂದು ಬಗೆಯ ಅಯಾನು ಡಿಟೆಕ್ಟರ್ ಮುಟ್ಟಿದಾಗ ಸಿಗ್ನಲ್‌ನಲ್ಲಿ ಏಳುವ ಶಿಖರಗಳು) ಹೆಚ್ಚು ಸರಿಯುವುದಿಲ್ಲ.

ಈ ಲೆಕ್ಕದಲ್ಲಿ ನೀರಿನ ಅಯಾನು, ಅಂದರೆ ದ್ರವ್ಯರಾಶಿ 18 (ಮುಂದೆ ಪೀಕ್‌ಗಳಿಗೆ ಹೇಳುವ ಸಂಖ್ಯೆಗಳೂ ದ್ರವ್ಯರಾಶಿಯವೇ), ಬರಬೇಕಾದದ್ದು ಸುಮಾರು 3.9 ಮೈಕ್ರೊಸೆಕೆಂಡ್‌ಗೆ. ಪ್ರೋಟಾನ್ 0.9ಕ್ಕೆ. ಎಥನಾಲ್‌ನ ಇಡೀ ಅಣು, ಅಂದರೆ 46, ಸುಮಾರು 6.25ಕ್ಕೆ.

ಪ್ಲೇಟುಗಳನ್ನು 316 ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಮಾಡಿಸಿದೆವು. ಡ್ರಾಯಿಂಗ್‌ನಲ್ಲಿ ಅಳತೆಯ ಜೊತೆಗೆ ಅಂಚುಗಳನ್ನು ಉರುಟು ಮಾಡಿ ಅಂತಲೂ ಬರೆಯಿರಿ. ಚೂಪು ಅಂಚಿದ್ದರೆ 2000 ವೋಲ್ಟ್‌ನಲ್ಲಿ ಅಲ್ಲಿಂದಲೇ ಕಿಡಿ ಹಾರುತ್ತದೆ. ಎರಡನೆಯ ಪ್ಲೇಟಿನಲ್ಲಿ ದುಂಡು ತೂತಿನ ಬದಲು ಒಂದು ಸೀಳು ಹಾಕಿಸಿದೆವು. ಲೇಸರ್ ಹೋಗುವ ದಿಕ್ಕಿನಲ್ಲಿ ಅರ್ಧ ಮಿಲಿಮೀಟರ್, ಅಡ್ಡಕ್ಕೆ 8 ಮಿಲಿಮೀಟರ್. ಇಡೀ ಯಂತ್ರದಲ್ಲಿ ನನಗೆ ತುಂಬಾ ಮುಖ್ಯ ಅನಿಸೋದು ಈ ಸೀಳು. ಲೇಸರ್‌ನ ತೀವ್ರತೆ ಚುಕ್ಕೆಯ ನಡುವೆ ಒಂದು, ಮುಂದೆ ಹಿಂದೆ ಹೋದಂತೆ ಇನ್ನೊಂದು. ಸೀಳು ಇಲ್ಲದಿದ್ದರೆ ಎಲ್ಲ ತೀವ್ರತೆಗಳ ಅಯಾನುಗಳೂ ಒಂದೇ ಪೀಕ್‌ನಲ್ಲಿ ಕಲಸಿ ಬರುತ್ತವೆ. ನಮ್ಮ 200 ಮಿಲಿಮೀಟರ್ ಲೆನ್ಸ್‌ಗೆ ಬೀಮ್ ಬಿಗಿಯಾಗಿ ಇರೋದು ಸುಮಾರು 0.6 ಮಿಲಿಮೀಟರ್ ಆಚೀಚೆ ಮಾತ್ರ. ಸೀಳು ಅದರ ನಡುಭಾಗವನ್ನಷ್ಟೇ ಬಿಡುತ್ತದೆ.

ಡಿಟೆಕ್ಟರ್ 25 ಮಿಲಿಮೀಟರ್‌ನ ಜೋಡಿ ಮೈಕ್ರೊಚಾನೆಲ್ ಪ್ಲೇಟ್ (ಒಂದು ಅಯಾನು ತಾಗಿದರೂ ಎಲೆಕ್ಟ್ರಾನ್‌ಗಳ ಮಳೆಗರೆಯುವ, ಸೂಕ್ಷ್ಮ ತೂತುಗಳ ತಟ್ಟೆ). ಮುಂಭಾಗ ಮೈನಸ್ 2000 ವೋಲ್ಟ್, ಹಿಂಭಾಗ ಮೈನಸ್ 200. ಅದರ ಮುಂದೆ ಗ್ರೌಂಡ್ ಮಾಡಿದ ಒಂದು ನಿಕಲ್ ಜಾಲರಿ ಇರಲೇಬೇಕು. ಇಲ್ಲದಿದ್ದರೆ ಆ 2000 ವೋಲ್ಟ್‌ನ ಪ್ರಭಾವ ಕೊಳವೆಯೊಳಗೆ ನುಗ್ಗಿ ಲೆಕ್ಕವೆಲ್ಲ ಕೆಡುತ್ತದೆ. ಹೊಸ ಮೈಕ್ರೊಚಾನೆಲ್ ಪ್ಲೇಟ್‌ಗೆ ಒಮ್ಮೆಲೇ ವೋಲ್ಟೇಜ್ ಕೊಡಬಾರದು. ಒಂದು ಇಡೀ ದಿನ ವ್ಯಾಕ್ಯೂಮ್‌ನಲ್ಲಿಟ್ಟು, ಆಮೇಲೆ ನಿಧಾನವಾಗಿ 100 ವೋಲ್ಟ್‌ನಂತೆ ಏರಿಸುತ್ತಾ ಹೋಗಿ. ಅವಸರ ಮಾಡಿದರೆ ದುಬಾರಿ ಪ್ಲೇಟ್ ಕೈ ಬಿಡುತ್ತದೆ.

ವ್ಯಾಕ್ಯೂಮ್, ಮತ್ತು ಹೀಲಿಯಂ ಕಾಣದ ಲೇಸರ್

ಮೊದಲ ಸ್ಪೆಕ್ಟ್ರಮ್‌ನಲ್ಲಿ 41, 43, 55, 57ರಲ್ಲಿ ಪೀಕ್‌ಗಳ ಸಾಲು. ಮಷಿನ್ ಶಾಪ್‌ನ ಕಟಿಂಗ್ ಆಯಿಲ್‌ನ ಗುರುತು ಇದು. ಸಾವಯವ ಸರಪಳಿಗಳು ಒಡೆದಾಗ ಇದೇ ಸಂಖ್ಯೆಗಳು ಬರುತ್ತವೆ. ಪ್ಲೇಟುಗಳನ್ನು ಬಿಚ್ಚಿ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಮೊದಲು ಸೋಪು ನೀರು, ಆಮೇಲೆ ಅಸಿಟೋನ್, ಕೊನೆಗೆ ಐಸೊಪ್ರೊಪನಾಲ್. ಸ್ಕ್ರೂಗಳನ್ನೂ ಬಿಡಬೇಡಿ. ಕುರುಡು ತೂತಿಗೆ ಹಾಕುವ ಸ್ಕ್ರೂಗಳಿಗೆ ನಡುವೆ ಗಾಳಿ ಹೋಗಲು ರಂಧ್ರ ಇರಬೇಕು. ಇಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದ ಗಾಳಿ ವಾರಗಟ್ಟಲೆ ಸೋರುತ್ತಲೇ ಇರುತ್ತದೆ. ಆಮೇಲೆ ಛೇಂಬರ್‌ಗೆ ಹೀಟಿಂಗ್ ಟೇಪ್ ಸುತ್ತಿ 120 ಡಿಗ್ರಿಗೆ ಬೇಯಿಸಿದೆವು.

ಆದರೂ ಒತ್ತಡ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಎಲ್ಲೋ ಸೋರಿಕೆ. ಸಾಮಾನ್ಯವಾಗಿ ಎಲ್ಲರೂ ಹೀಲಿಯಂ ಊದಿ ಹುಡುಕುತ್ತಾರೆ. ನಮ್ಮ ಬಳಿ ಆಗ ಲೀಕ್ ಡಿಟೆಕ್ಟರ್ ಇರಲಿಲ್ಲ. ನಾವೇ ಕಟ್ಟಿದ ಮಾಸ್ ಸ್ಪೆಕ್ಟ್ರೋಮೀಟರ್ ಇದೆಯಲ್ಲ ಅಂದರೆ, ಅದು ಹೀಲಿಯಂ ನೋಡುವುದಿಲ್ಲ. ಹೀಲಿಯಂನಿಂದ ಎಲೆಕ್ಟ್ರಾನ್ ಕಿತ್ತುಹಾಕಲು 24.6 ಎಲೆಕ್ಟ್ರಾನ್‌ವೋಲ್ಟ್ ಬೇಕು. ನಾವು ಬಳಸುವ ತೀವ್ರತೆಗೆ ಅದು ಬಗ್ಗುವುದಿಲ್ಲ. ಆರ್ಗಾನ್‌ಗೆ 15.8 ಸಾಕು. ಹಾಗಾಗಿ ಲೇಸರ್ ಶಕ್ತಿ ಸ್ವಲ್ಪ ಏರಿಸಿಟ್ಟು, ಪ್ರತಿ ಜೋಡಣೆಯ ಹತ್ತಿರ ತೆಳುವಾಗಿ ಆರ್ಗಾನ್ ಊದುತ್ತಾ, ಆಸಿಲೋಸ್ಕೋಪ್‌ನಲ್ಲಿ 5.8 ಮೈಕ್ರೊಸೆಕೆಂಡ್ ಹತ್ತಿರ 40ರ ಪೀಕ್ ನೋಡುತ್ತಾ ಹೋದೆವು. ಹೈ ವೋಲ್ಟೇಜ್ ಅನ್ನು ಛೇಂಬರ್ ಒಳಗೆ ಒಯ್ಯುವ ಫೀಡ್‌ಥ್ರೂ ಇದ್ದ ಫ್ಲಾಂಜ್ ಬಳಿ ಬಂದಾಗ ಪೀಕ್ ಎದ್ದು ನಿಂತಿತು. ತಾಮ್ರದ ಗ್ಯಾಸ್ಕೆಟ್ ಬದಲಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ ಮೇಲೆ ಹೋಯಿತು. ಇಲ್ಲೊಂದು ಎಚ್ಚರಿಕೆ: ಗಾಳಿ ಸೋರುತ್ತಿದ್ದರೆ ನೈಟ್ರೋಜನ್-ಆಕ್ಸಿಜನ್ ಪೀಕ್‌ಗಳು ನಾಲ್ಕಕ್ಕೆ ಒಂದರಂತೆ ಇರುತ್ತವೆ ಅಂತ ಇಲ್ಲಿ ಕಾಯಬೇಡಿ. ಲೇಸರ್‌ಗೆ ಆಕ್ಸಿಜನ್ ಸುಲಭದ ತುತ್ತು, ನೈಟ್ರೋಜನ್ ಕಷ್ಟದ್ದು. ಪೀಕ್‌ನ ಎತ್ತರ ಅನಿಲದ ಪ್ರಮಾಣ ಹೇಳುವುದಿಲ್ಲ.

ಇನ್ನೊಂದು ಉಬ್ಬು ತುಂಬಾ ಕಾಡಿತು. ಅದು ಯಾವ ದ್ರವ್ಯರಾಶಿಗೂ ಹೊಂದುತ್ತಿರಲಿಲ್ಲ. ಅಯಾನೋ ಅಲ್ಲವೋ ತಿಳಿಯಲು ಒಳ್ಳೆಯ ಪರೀಕ್ಷೆ ಇದೆ. ಪ್ಲೇಟುಗಳ ವೋಲ್ಟೇಜ್ ಎರಡನ್ನೂ ಶೇ. 10 ಇಳಿಸಿ. ಅಯಾನು ಆಗಿದ್ದರೆ ಪೀಕ್ ಸುಮಾರು ಶೇ. 5 ತಡವಾಗಿ ಬರಬೇಕು. ಈ ಉಬ್ಬು ಕದಲಲಿಲ್ಲ. ಲೇಸರ್‌ಗೆ ಅಡ್ಡ ಹಿಡಿದರೂ ಹಾಗೇ ಇತ್ತು. ಅಂದರೆ ಅದು ವಿದ್ಯುತ್ ಗದ್ದಲ. ಆಂಪ್ಲಿಫೈಯರ್‌ನ ಪಾಕೆಲ್ಸ್ ಸೆಲ್ (ವೋಲ್ಟೇಜ್‌ನಿಂದ ನಡೆಯುವ ಬೆಳಕಿನ ಸ್ವಿಚ್) ಪ್ರತಿ ಪಲ್ಸ್‌ಗೂ ಕಿಲೊವೋಲ್ಟ್ ಲೆಕ್ಕದಲ್ಲಿ ಸ್ವಿಚ್ ಆಗುತ್ತದಲ್ಲ, ಅದರ ಪ್ರತಿಧ್ವನಿ ನಮ್ಮ ಕೇಬಲ್‌ಗೆ ಬರುತ್ತಿತ್ತು. ಸಿಗ್ನಲ್ ಕೇಬಲ್ ಚಿಕ್ಕದು ಮಾಡಿ, ಛೇಂಬರ್, ಪವರ್ ಸಪ್ಲೈ, ಆಸಿಲೋಸ್ಕೋಪ್ ಮೂರನ್ನೂ ಒಂದೇ ಜಾಗದಲ್ಲಿ ಗ್ರೌಂಡ್ ಮಾಡಿದ ಮೇಲೆ ಬೇಸ್‌ಲೈನ್ ನೆಟ್ಟಗಾಯಿತು.

ಅಣುವಿನ ಜಾಗದಲ್ಲಿ ಪಲ್ಸ್ ಎಷ್ಟು ಉದ್ದ?

ಲೇಸರ್ ಬಾಯಲ್ಲಿ 35 ಫೆಮ್ಟೊಸೆಕೆಂಡ್ ಇದ್ದರೆ ಛೇಂಬರ್ ಒಳಗೂ ಅಷ್ಟೇ ಇರುವುದಿಲ್ಲ. ಗಾಜಿನಲ್ಲಿ ಕೆಂಪು ಮುಂದೆ ಓಡುತ್ತದೆ, ನೀಲಿಯ ಕಡೆಯದು ಹಿಂದೆ ಬೀಳುತ್ತದೆ, ಪಲ್ಸ್ ಹಿಗ್ಗುತ್ತದೆ. ನಮ್ಮ ಲೆನ್ಸ್ ಮತ್ತು ಕಿಟಕಿ ಸೇರಿ 6 ಮಿಲಿಮೀಟರ್ ಫ್ಯೂಸ್ಡ್ ಸಿಲಿಕಾ. 35 ಫೆಮ್ಟೊಸೆಕೆಂಡ್ ಪಲ್ಸ್ ಇದರಲ್ಲಿ 39 ಆಗುತ್ತದೆ, ದೊಡ್ಡ ತೊಂದರೆ ಇಲ್ಲ. ಅದೇ 10 ಫೆಮ್ಟೊಸೆಕೆಂಡ್ ಪಲ್ಸ್ ಆಗಿದ್ದರೆ 60 ದಾಟಿಬಿಡುತ್ತದೆ! ಚಿಕ್ಕ ಪಲ್ಸ್ ಇದ್ದಷ್ಟೂ ಗಾಜು ಶತ್ರು.

ಮೇಜಿನ ಮೇಲೆ ಫ್ರಾಗ್ (ಪಲ್ಸ್‌ನ ಉದ್ದ ಅಳೆಯುವ ಉಪಕರಣ) ಇಟ್ಟು, ಅಷ್ಟೇ ದಪ್ಪದ ಗಾಜು ದಾಟಿಸಿ ಅಳೆಯಬಹುದು. ಅಳೆದೆವು. ಆದರೆ ಅದಕ್ಕಿಂತ ನಾನು ನಂಬುವುದು ಅನಿಲವನ್ನೇ. ಛೇಂಬರ್‌ಗೆ ಕ್ಸೆನಾನ್ ಬಿಟ್ಟು, ಪಲ್ಸ್ ಶಕ್ತಿ ತುಂಬಾ ಕಡಿಮೆ ಇಟ್ಟು, ಲೇಸರ್‌ನಲ್ಲಿ ಪಲ್ಸ್ ಕುಗ್ಗಿಸುವ ಭಾಗವಾದ ಕಂಪ್ರೆಸರ್‌ನ ಗ್ರೇಟಿಂಗ್ ದೂರವನ್ನು ಚೂರು ಚೂರೇ ಸರಿಸಿ. ಕ್ಸೆನಾನ್ ಅಯಾನು ಆಗುವುದು ತೀವ್ರತೆಗೆ ವಿಪರೀತ ಸೂಕ್ಷ್ಮ. ಸಿಗ್ನಲ್ ತುತ್ತತುದಿ ಮುಟ್ಟುವ ಜಾಗವೇ ಅಣುಗಳಿರುವಲ್ಲಿ ಪಲ್ಸ್ ಅತಿ ಚಿಕ್ಕದಾಗಿರುವ ಜಾಗ. ಅದನ್ನು ಸೊನ್ನೆ ಅಂತ ಗುರುತು ಹಾಕಿಕೊಂಡೆವು. ಕ್ಸೆನಾನ್‌ನಿಂದ ಇನ್ನೊಂದು ಉಪಕಾರ ಇದೆ. ಅದರ ಐಸೊಟೋಪ್‌ಗಳು 129, 131, 132 ಹೀಗೆ ಸಾಲಾಗಿ ಬರುತ್ತವೆ. 131 ಮತ್ತು 132ರ ನಡುವೆ ನಮ್ಮ ಕೊಳವೆಯಲ್ಲಿ ಬರೀ 40 ನ್ಯಾನೊಸೆಕೆಂಡ್. ಅವು ಬೇರೆಯಾಗಿ ಕಂಡರೆ ಯಂತ್ರ ಚೆನ್ನಾಗಿದೆ ಅಂತ ಅರ್ಥ.

ಈ ಸೊನ್ನೆಯಿಂದ ಗ್ರೇಟಿಂಗ್ ಆ ಕಡೆ ಸರಿಸಿದರೆ ಕೆಂಪು ಮೊದಲು ಬರುವ ಪಲ್ಸ್, ಈ ಕಡೆ ಸರಿಸಿದರೆ ನೀಲಿ ಕಡೆಯದು ಮೊದಲು ಬರುವ ಪಲ್ಸ್. ಇದಕ್ಕೆ ಚರ್ಪ್ ಅನ್ನುತ್ತಾರೆ. ಎರಡೂ ಕಡೆ ಪಲ್ಸ್ ಹಿಗ್ಗುತ್ತದೆ. ಸುಮಾರು 300 ಫೆಮ್ಟೊಸೆಕೆಂಡ್‌ವರೆಗೆ ಎಳೆದೆವು.

ಈಗ ಮುಖ್ಯ ಮಾತು. ಪಲ್ಸ್ ಎಳೆದಾಗ ಅದರ ಶಕ್ತಿ ಅಷ್ಟೇ ಇದ್ದರೆ ತೀವ್ರತೆ ಬೀಳುತ್ತದೆ. ತೀವ್ರತೆ ಬಿದ್ದರೆ ಚೂರುಗಳ ಪ್ರಮಾಣ ಹೇಗಿದ್ದರೂ ಬದಲಾಗುತ್ತದೆ. ಅದನ್ನು ನೋಡಿ 'ಪಲ್ಸ್ ಆಕಾರದಿಂದ ಅಣುವನ್ನು ನಿಯಂತ್ರಿಸಿದೆವು' ಅನ್ನೋದು ಸರಿಯಲ್ಲ. ಲೇಸರ್ ಪವರ್ ತಗ್ಗಿಸಿದ್ದರೂ ಅದೇ ಆಗುತ್ತಿತ್ತು, ಅಲ್ವಾ? ಕಂಪ್ಯೂಟರ್ ತಾನೇ ಕಲಿಯುವ ಪ್ರಯೋಗಗಳಲ್ಲೂ ಇದೇ ಅಪಾಯ. ಸುಮ್ನೆ ಬಿಟ್ಟರೆ ಅದು ಮೊದಲು ಕಂಡುಹಿಡಿಯುವ ಉಪಾಯ ತೀವ್ರತೆ ಬದಲಿಸುವುದೇ. ಆದ್ದರಿಂದ ಕಂಪ್ರೆಸರ್‌ಗೆ ಮೊದಲು ಹಾಫ್-ವೇವ್ ಪ್ಲೇಟ್ ಮತ್ತು ಪೋಲರೈಸರ್ (ಎರಡೂ ಸೇರಿ ಪಲ್ಸ್ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುತ್ತವೆ) ಇಟ್ಟು, ಪಲ್ಸ್ ಎಷ್ಟು ಪಟ್ಟು ಹಿಗ್ಗಿತೋ ಶಕ್ತಿಯನ್ನೂ ಅಷ್ಟೇ ಪಟ್ಟು ಏರಿಸಿದೆವು. 35 ಫೆಮ್ಟೊಸೆಕೆಂಡ್‌ಗೆ 20 ಮೈಕ್ರೊಜೂಲ್ ಆದರೆ 280ಕ್ಕೆ 160. ಕಾಗದದ ಲೆಕ್ಕದಲ್ಲಿ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು 200 ಲಕ್ಷ ಕೋಟಿ ವ್ಯಾಟ್. ನಿಜದ ಬೀಮ್ ಕಾಗದದ ಬೀಮ್‌ನಷ್ಟು ಚೊಕ್ಕ ಇರುವುದಿಲ್ಲ, ಹಾಗಾಗಿ ನಿಜದ ತೀವ್ರತೆ ಇದಕ್ಕಿಂತ ಕಡಿಮೆ. ಹೋಲಿಕೆಗೆ ಬೇಕಾದದ್ದು ಅದು ಎಲ್ಲ ಅಳತೆಯಲ್ಲೂ ಒಂದೇ ಇರುವುದು.

29ರ ಪೀಕ್ ಯಾರದ್ದು?

ಎಥನಾಲ್‌ನಲ್ಲಿ ಕಾರ್ಬನ್-ಕಾರ್ಬನ್ ಬಂಧ ಮುರಿದರೆ 31 ಬರುತ್ತದೆ. ಕಾರ್ಬನ್-ಆಕ್ಸಿಜನ್ ಮುರಿದರೆ ಎಥೈಲ್ ಅಯಾನು, 29. ಎರಡರ ಅನುಪಾತ ತೆಗೆದರೆ ಆಯಿತು ಅನಿಸುತ್ತದೆ. ಆದರೆ ಒಂದು ಕಾರ್ಬನ್, ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ ಚೂರೂ 29ಕ್ಕೇ ಬರುತ್ತದೆ. ಅದರಲ್ಲಿ ಮುರಿದಿರುವುದು ಕಾರ್ಬನ್-ಕಾರ್ಬನ್ ಬಂಧ. ಅಂದರೆ ನಮಗೆ ಬೇಕಾದದ್ದರ ನೇರ ವಿರುದ್ಧ! ನಮ್ಮ ಕೊಳವೆಯಲ್ಲಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

ದಾರಿ ಡ್ಯೂಟೀರಿಯಂ. ಕಾರ್ಬನ್‌ಗಳಿಗೆ ಅಂಟಿರುವ ಐದೂ ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ ಇರುವ ಎಥನಾಲ್ ತರಿಸಿದೆವು. ಆಕ್ಸಿಜನ್ ಮೇಲಿನ ಹೈಡ್ರೋಜನ್ ಹಾಗೇ ಇರಲಿ. ಆರೂ ಡ್ಯೂಟೀರಿಯಂ ಇರುವುದನ್ನು ತಂದರೆ ಆಕ್ಸಿಜನ್ ಮೇಲಿನದ್ದು ಛೇಂಬರ್ ಗೋಡೆಯ ನೀರಿನ ಜೊತೆ ಅದಲುಬದಲಾಗಿ ಎರಡು ಬಗೆಯ ಅಣುಗಳ ಬೆರಕೆ ಆಗುತ್ತದೆ. ಈಗ ಇಡೀ ಅಣು 51. ಎಥೈಲ್ 34, ಕಾರ್ಬನ್-ಕಾರ್ಬನ್ ಮುರಿದಾಗ ಬರುವುದು 33. ಗೊಂದಲ ಮಾಡುತ್ತಿದ್ದ ಚೂರು 30ಕ್ಕೆ ಸರಿಯಿತು. ಅಣುವಿನೊಳಗೇ ಹೈಡ್ರೋಜನ್ ಜಾಗ ಬದಲಿಸಿದರೆ 33 ಮತ್ತು 34ರಲ್ಲಿ ಕೊಂಚ ಬೆರಕೆ ಉಳಿಯುತ್ತದೆ. ಕಾರ್ಬನ್-13 ಇರುವ ಅಣುಗಳಿಂದ 33ರ ನೂರಕ್ಕೆ ಒಂದು ಪಾಲು 34ಕ್ಕೆ ಬರುತ್ತದೆ, ಅದನ್ನು ಕಳೆಯಬಹುದು. 18ರಲ್ಲಿ ಈಗ ನೀರಿನ ಜೊತೆ ಡ್ಯೂಟೀರಿಯಂ ಮೀಥೈಲೂ ಇರುವುದರಿಂದ ನೀರನ್ನು ಆ ಪೀಕ್‌ನಿಂದ ಅಳೆಯಬೇಡಿ.

ಇನ್ನೊಂದು ತೊಡಕು. 33 ಮತ್ತು 34ರ ನಡುವೆ ಸುಮಾರು 80 ನ್ಯಾನೊಸೆಕೆಂಡ್ ಅಂತರ. ಅಣು ಎರಡು ಎಲೆಕ್ಟ್ರಾನ್ ಕಳೆದುಕೊಂಡು ಎರಡು ಧನ ಅಯಾನುಗಳಾಗಿ ಸಿಡಿದರೆ ಚೂರುಗಳು ಜೋರಾಗಿ ಹಾರುತ್ತವೆ. ಡಿಟೆಕ್ಟರ್ ಕಡೆಗೆ ಹಾರಿದ್ದು ಬೇಗ, ಹಿಂದಕ್ಕೆ ಹಾರಿದ್ದು ತಡವಾಗಿ ಬಂದು ಪೀಕ್‌ಗೆ ಎರಡು ರೆಕ್ಕೆ ಮೂಡುತ್ತವೆ. ಒಟ್ಟು 5 ಎಲೆಕ್ಟ್ರಾನ್‌ವೋಲ್ಟ್ ಬಿಡುಗಡೆಯಾದರೆ ರೆಕ್ಕೆಗಳ ಅಂತರವೂ ಹೆಚ್ಚು ಕಡಿಮೆ 80 ನ್ಯಾನೊಸೆಕೆಂಡ್. ಅಂದರೆ 33ರ ಹಿಂದಿನ ರೆಕ್ಕೆ 34ರ ಮುಂದಿನ ರೆಕ್ಕೆಯನ್ನು ಮುಟ್ಟುತ್ತದೆ. ಛೇಂಬರ್‌ಗೆ ಮುಂಚೆ ಇನ್ನೊಂದು ತೆಳು ಹಾಫ್-ವೇವ್ ಪ್ಲೇಟ್ ಇಟ್ಟು ಬೆಳಕಿನ ಕಂಪನದ ದಿಕ್ಕನ್ನು ಕೊಳವೆಗೆ ಅಡ್ಡ ಮಾಡಿದೆವು. ಈ ಚೂರುಗಳು ಬಹುಪಾಲು ಬೆಳಕಿನ ಕಂಪನದ ದಿಕ್ಕಿಗೇ ಹಾರುತ್ತವೆ. ಡಿಟೆಕ್ಟರ್ ಮುಟ್ಟುವ ಹೊತ್ತಿಗೆ ಸುಮಾರು 17 ಮಿಲಿಮೀಟರ್‌ನಷ್ಟು ಪಕ್ಕಕ್ಕೆ ಸರಿದಿರುತ್ತವೆ. ನಮ್ಮ ಡಿಟೆಕ್ಟರ್ ತ್ರಿಜ್ಯ 12.5. ವೇಗದವು ತಪ್ಪಿ ಹೋಗುತ್ತವೆ, ಒಂದೇ ಎಲೆಕ್ಟ್ರಾನ್ ಕಳೆದುಕೊಂಡು ನಿಧಾನವಾಗಿ ಒಡೆದವು ಉಳಿಯುತ್ತವೆ. ನಮಗೆ ಬೇಕಾದದ್ದು ಅವೇ.

ಎಥನಾಲ್‌ನ್ನು ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ ಶುದ್ಧ ಮಾಡಿಕೊಂಡು ನೀಡಲ್ ವಾಲ್ವ್‌ನಿಂದ ಬಿಡಿ. ಒತ್ತಡವನ್ನು ಅರ್ಧಕ್ಕೆ ಇಳಿಸಿ 34-33ರ ಅನುಪಾತ ನೋಡಿ. ಬದಲಾದರೆ ಒಂದೇ ಪಲ್ಸ್‌ನಲ್ಲಿ ಅಯಾನುಗಳು ಜಾಸ್ತಿ ಹುಟ್ಟುತ್ತಿವೆ ಅಂತ ಅರ್ಥ. ಬದಲಾಗದ ಮಟ್ಟ ಸಿಗುವವರೆಗೆ ಇಳಿಸಿ.

ಕಂಡದ್ದು

ತೀವ್ರತೆ ಒಂದೇ ಇಟ್ಟು ಪಲ್ಸ್ ಹಿಗ್ಗಿಸಿದಾಗ 34ರ ಪಾಲು 33ಕ್ಕೆ ಹೋಲಿಸಿದರೆ ಏರುತ್ತಾ ಹೋಯಿತು. ಟೋಕಿಯೋ ಗುಂಪು ಹೇಳಿದ ದಿಕ್ಕೇ. ಕೆಂಪು ಮೊದಲಾದರೂ, ನೀಲಿ ಕಡೆಯದು ಮೊದಲಾದರೂ ಏರಿಕೆ ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಬಣ್ಣಗಳು ಬರುವ ಕ್ರಮ ಇಲ್ಲಿ ದೊಡ್ಡ ಪಾತ್ರ ವಹಿಸುತ್ತಿಲ್ಲ, ಸಮಯ ವಹಿಸುತ್ತಿದೆ. ಚಿಕ್ಕ ಪಲ್ಸ್ ಇಟ್ಟುಕೊಂಡು ಬರೀ ಶಕ್ತಿ ಬದಲಿಸಿದಾಗ ಇದೇ ಪ್ರಮಾಣದ ಏರಿಕೆ ಬರಲಿಲ್ಲ. ಈ ಎರಡು ಗ್ರಾಫ್ ಪಕ್ಕಪಕ್ಕ ಇಟ್ಟ ಮೇಲೆಯೇ ನನಗೆ ನೆಮ್ಮದಿಯಾಗಿದ್ದು.

ಯಾಕೆ ಹೀಗೆ? ಕಾರ್ಬನ್-ಆಕ್ಸಿಜನ್ ಬಂಧ ಒಂದು ಸಲ ಹಿಗ್ಗಿ ಕುಗ್ಗಲು ಸುಮಾರು 32 ಫೆಮ್ಟೊಸೆಕೆಂಡ್ ಬೇಕು. 35 ಫೆಮ್ಟೊಸೆಕೆಂಡ್ ಪಲ್ಸ್‌ನಲ್ಲಿ ಬಂಧ ಒಂದು ಸಲ ಅಲುಗಾಡುವ ಹೊತ್ತಿಗೇ ಬೆಳಕು ಹೆಚ್ಚು ಕಡಿಮೆ ಮುಗಿದಿರುತ್ತದೆ. ಪಲ್ಸ್ 300 ಆದರೆ ಬಂಧ ಹಿಗ್ಗುತ್ತಿರುವಾಗಲೂ ಬೆಳಕು ಇನ್ನೂ ಇದೆ. ಹಿಗ್ಗಿದ ಅಣುವಿನಲ್ಲಿ ಎಲೆಕ್ಟ್ರಾನ್ ಸ್ಥಿತಿಗಳ ನಡುವಿನ ಅಂತರ ಬದಲಾಗಿರುತ್ತದೆ, ಬೆಳಕು ಅದನ್ನು ಕಾರ್ಬನ್-ಆಕ್ಸಿಜನ್ ಬಂಧ ಬಿಡಿಸುವ ಸ್ಥಿತಿಗೆ ದಾಟಿಸುತ್ತದೆ. ಚಿಕ್ಕ ಪಲ್ಸ್‌ಗೆ ಆ ಅವಕಾಶವೇ ಸಿಗುವುದಿಲ್ಲ.

ಮುಂದಿನ ಕೆಲಸ ಪಲ್ಸ್ ಶೇಪರ್ ಸೇರಿಸುವುದು. ಒಂದೇ ಉದ್ದನೆಯ ಪಲ್ಸ್ ಬದಲು ಎರಡು ಚಿಕ್ಕ ಪಲ್ಸ್ ಕೊಟ್ಟು, ನಡುವಿನ ಅಂತರ ಬದಲಿಸುತ್ತಾ ಹೋದರೆ ಆ ದಾಟುವ ಕ್ಷಣ ಯಾವಾಗ ಬರುತ್ತದೆ ಅಂತ ನೇರವಾಗಿ ಅಳೆಯಬಹುದು. ಗ್ರೇಟಿಂಗ್ ಮತ್ತು ಸಿಲಿಂಡ್ರಿಕಲ್ ಕನ್ನಡಿಗಳು ಬಂದಿವೆ, ಮೇಜಿನ ಮೇಲೆ ಜಾಗ ಮಾಡುತ್ತಿದ್ದೇವೆ.